ಗಾಣಿಗ ಒಡೆದ ಗೋಡೆ

"ಗುರುಗಳೇ, ಕರುಣೆ ತಪ್ಪಾಗಬಹುದೇ?"

ಕೇಳಿದವನು ಮಡಿವಾಳ ಎಂಬ ಶಿಷ್ಯ. ಅವನು ಮಠಕ್ಕೆ ಸೇರಿ ಒಂದು ಮಳೆಗಾಲ ಕಳೆದಿತ್ತಷ್ಟೆ. ಗುರುಗಳು ಅಂಗಳದಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಶಿಷ್ಯರು ಸುತ್ತ ಕುಳಿತು ಅದೇ ಕೆಲಸ ಮಾಡುತ್ತಿದ್ದರು.

"ಯಾರ ಮೇಲೆ ಕರುಣೆ ತೋರಿದೆ?" ಎಂದು ಗುರುಗಳು ಕೇಳಿದರು.

"ರುದ್ರಮುನಿಯ ಮೇಲೆ."

ರುದ್ರಮುನಿ ಅವನ ಜೊತೆಯ ಶಿಷ್ಯ. ಅಮಾವಾಸ್ಯೆಯಿಂದ ಹುಣ್ಣಿಮೆಯವರೆಗೆ ಮಾತಾಡುವುದಿಲ್ಲವೆಂದು ವ್ರತ ಹಿಡಿದಿದ್ದ. ಅವನ ಬಾಡಿದ ಮುಖ ನೋಡಿ ಮಡಿವಾಳನಿಗೆ ಸಂಕಟವಾಯಿತು. ಮಾತನ್ನು ಒಳಗೇ ಕಟ್ಟಿಕೊಂಡು ಇವನು ಕೊರಗುತ್ತಿದ್ದಾನೆ ಎಂದುಕೊಂಡ. ಒಂದು ಬೆಳಗ್ಗೆ ಅವನ ಬೆನ್ನ ಹಿಂದೆ ಹೋಗಿ "ಹಾವು!" ಎಂದು ಕೂಗಿದ. ರುದ್ರಮುನಿ "ಎಲ್ಲಿ?" ಎಂದುಬಿಟ್ಟ. ವ್ರತ ಮುರಿಯಿತು.

"ಈಗ ಅವನು ಎಲ್ಲರ ಜೊತೆಗೂ ಮಾತಾಡುತ್ತಾನೆ, ನನ್ನೊಬ್ಬನನ್ನು ಬಿಟ್ಟು," ಎಂದ ಮಡಿವಾಳ.

ಶಿಷ್ಯರು ನಕ್ಕರು. ಗುರುಗಳಿಗೂ ನಗು ಬಂತು. ಮಡಿವಾಳ ಮಾತ್ರ ನಗಲಿಲ್ಲ. ಅದನ್ನು ಕಂಡು ಗುರುಗಳು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗಾಣಿಗನಿದ್ದ. ಸಿದ್ರಾಮ ಎಂದು ಅವನ ಹೆಸರು. ಅವನ ಹೆಂಡತಿ ಹೊನ್ನವ್ವ. ಅವಳದು ಬಹಳ ಒಳ್ಳೆಯ ಮನಸ್ಸು. ಹಸಿದ ನಾಯಿ, ಕಾಲು ಉಳುಕಿದ ಕರು, ಅತ್ತೆಯೊಡನೆ ಜಗಳವಾಡಿಕೊಂಡ ಸೊಸೆ, ಯಾರು ಕಂಡರೂ ಅವಳು ಸುಮ್ಮನಿರುತ್ತಿರಲಿಲ್ಲ. ಕೇಳಿದವರಿಗೂ ನೆರವಾಗುತ್ತಿದ್ದಳು, ಕೇಳದವರಿಗೂ ನೆರವಾಗುತ್ತಿದ್ದಳು. "ಹೊನ್ನವ್ವನ ಕಣ್ಣಿಗೆ ಬೀಳಬೇಡ, ಉಪಕಾರ ಮಾಡಿಬಿಟ್ಟಾಳು," ಎಂದು ಊರಿನವರು ತಮಾಷೆ ಮಾಡುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು, ಪಾರವ್ವ. ಅವಳನ್ನು ಪಕ್ಕದ ಊರಿಗೆ ಕೊಟ್ಟಿದ್ದರು. ಚೊಚ್ಚಲ ಹೆರಿಗೆಗೆಂದು ಅವಳು ತವರಿಗೆ ಬಂದಿದ್ದಳು. ಯುಗಾದಿ ಕಳೆದ ಮೇಲೆ ಹೆಣ್ಣುಮಗು ಹುಟ್ಟಿತು.

ಹೊನ್ನವ್ವ ಮಗಳ ಬಾಣಂತನವನ್ನು ಬಹಳ ಕಟ್ಟುನಿಟ್ಟಾಗಿ ಮಾಡಿದಳು. ಕೋಣೆಯ ಕಿಟಕಿಗೆ ಕಂಬಳಿ ಕಟ್ಟಿದಳು. ಮೂಲೆಯಲ್ಲಿ ಕೆಂಡದ ಬಟ್ಟಲು ಇಟ್ಟಳು. ಮಗಳ ತಲೆಗೆ ಬಟ್ಟೆ ಸುತ್ತಿ, ಕಿವಿಗೆ ಹತ್ತಿ ಇಟ್ಟಳು. ಊಟವನ್ನು ಬಾಗಿಲ ಸಂದಿಯಿಂದ ಒಳಕ್ಕೆ ಚಾಚುತ್ತಿದ್ದಳು, ಬಾಗಿಲನ್ನು ಪೂರ್ತಿ ತೆರೆಯುತ್ತಿರಲಿಲ್ಲ. "ಗಾಳಿ ತಾಗಿದರೆ ಸನ್ನಿ ಹಿಡಿಯುತ್ತದೆ," ಎನ್ನುತ್ತಿದ್ದಳು. ಪಾರವ್ವ ಒಳಗಿನಿಂದ "ಹ್ಞೂಂ ಅವ್ವಾ," ಎನ್ನುತ್ತಿದ್ದಳು.

ಗಾಣದ ಮನೆಯ ಹಿಂದೆ ಒಂದು ದೊಡ್ಡ ಬೇವಿನ ಮರವಿತ್ತು. ಎರಡಾಳು ಎತ್ತರದಲ್ಲಿ ಅದರ ಕಾಂಡಕ್ಕೆ ಒಂದು ಪೊಟರೆ. ಒಂದು ದಿನ ಹೊನ್ನವ್ವ ಮಗುವಿನ ಬಟ್ಟೆ ಒಣಹಾಕಲು ಹೋದಾಗ ಒಂದು ಮಂಗಟ್ಟೆ ಹಕ್ಕಿ ಬಂದು ಆ ಮರಕ್ಕೆ ಕುಳಿತಿತು. ಬೂದು ಬಣ್ಣದ ಹಕ್ಕಿ. ದೊಡ್ಡ ಬಾಗಿದ ಕೊಕ್ಕು, ಕೊಕ್ಕಿನ ಮೇಲೆ ಒಂದು ಕೊಂಬು. ಅದು ಗಂಟಲಿನಿಂದ ಒಂದು ಆಲದ ಹಣ್ಣನ್ನು ಕೊಕ್ಕಿನ ತುದಿಗೆ ತಂದು ಮರಕ್ಕೆ ಕೊಟ್ಟಿತು. ಮತ್ತೊಂದು ಹಣ್ಣು ತಂದು ಅದನ್ನೂ ಕೊಟ್ಟಿತು. ಹಣ್ಣುಗಳೆಲ್ಲ ಮರದೊಳಗೆ ಮಾಯವಾದವು.

ಈ ಹಕ್ಕಿ ಮರಕ್ಕೆ ನೈವೇದ್ಯ ಮಾಡುತ್ತಿದೆ ಎಂದು ಹೊನ್ನವ್ವನಿಗೆ ಮೊದಲು ಅನ್ನಿಸಿತು. ಅವಳು ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ನೋಡುತ್ತ ನಿಂತಳು. ಪೊಟರೆಯ ಬಾಯಿ ತೆರೆದಿರಲಿಲ್ಲ. ಅದಕ್ಕೆ ಯಾರೋ ಗೋಡೆ ಕಟ್ಟಿದ್ದರು. ಗೋಡೆಯ ನಡುವೆ ಬೆರಳು ತೂರುವಷ್ಟು ಒಂದು ಸೀಳು. ಆ ಸೀಳಿನಿಂದ ಇನ್ನೊಂದು ಕೊಕ್ಕಿನ ತುದಿ ಹೊರಬಂದು ಹಣ್ಣನ್ನು ತೆಗೆದುಕೊಂಡು ಒಳಗೆ ಹೋಯಿತು.

ಹೊನ್ನವ್ವ ಬಟ್ಟೆಯನ್ನು ಒಣಹಾಕದೆಯೇ ಗಂಡನ ಬಳಿಗೆ ಓಡಿದಳು.

"ಬನ್ನಿ ನೋಡಿ. ಆ ಗಂಡುಹಕ್ಕಿ ಹೆಂಡತಿಯನ್ನು ಮರದೊಳಗೆ ಹಾಕಿ ಗೋಡೆ ಕಟ್ಟಿಬಿಟ್ಟಿದೆ!"

ಸಿದ್ರಾಮ ಗಾಣ ನಿಲ್ಲಿಸಿ ಬಂದ. ಬಹಳ ಹೊತ್ತು ನೋಡಿದ.

"ಕೂಡಿಹಾಕಿದವನು ಹಣ್ಣು ಯಾಕೆ ತಂದುಕೊಡುತ್ತಾನೆ?" ಎಂದ.

"ಸೆರೆಮನೆಯಲ್ಲಿ ಊಟ ಕೊಡುವುದಿಲ್ಲವೇ?"

"ಹಕ್ಕಿಯ ಸಂಸಾರ ಹಕ್ಕಿಗೆ," ಎಂದು ಹೇಳಿ ಸಿದ್ರಾಮ ಗಾಣಕ್ಕೆ ಹಿಂದಿರುಗಿದ.

ಮಾತು ಅಲ್ಲಿಗೆ ನಿಲ್ಲಲಿಲ್ಲ. ಬಾವಿಕಟ್ಟೆಗೆ ಹೋಯಿತು. ಹೆಂಗಸರೆಲ್ಲ ಬಂದು ಮರವನ್ನು ನೋಡಿದರು. ಎಲ್ಲರೂ ಹೊನ್ನವ್ವನ ಪಕ್ಷ. "ಗೋಡೆ ಕಟ್ಟುವಾಗ ಬೆರಳಷ್ಟು ಸಂದಿ ಬಿಟ್ಟನಲ್ಲ, ಅದೇ ಅವನ ದೊಡ್ಡಸ್ತಿಕೆ," ಎಂದಳೊಬ್ಬಳು. ಗಂಡಸರೂ ಬಂದು ನೋಡಿದರು. ಅವರೆಲ್ಲ ಗಂಡುಹಕ್ಕಿಯ ಪಕ್ಷ. "ಬೆಳಗಿನಿಂದ ಸಂಜೆಯವರೆಗೆ ಹೊತ್ತು ತಂದು ಹಾಕುತ್ತಾನೆ. ಆದರೂ ಬೈಗುಳ ತಪ್ಪಲಿಲ್ಲ," ಎಂದ ಇನ್ನೊಬ್ಬ. ಆ ವಾರ ಊರಿನ ಎಷ್ಟೋ ಮನೆಗಳಲ್ಲಿ ಸಾರಿಗೆ ಉಪ್ಪು ಸರಿಯಾಗಿ ಬೀಳಲಿಲ್ಲ.

ಒಂದು ಸಂಜೆ ಸಿದ್ರಾಮ ಎತ್ತಿನ ಕೊರಳಿನಿಂದ ನೊಗ ಇಳಿಸುತ್ತಿದ್ದ. ಹೊನ್ನವ್ವ ಎತ್ತಿಗೆ ನೀರು ತಂದಳು.

"ಗಾಣದ ಎತ್ತಿಗೂ ಹೊತ್ತು ಮುಳುಗಿದರೆ ಬಿಡುಗಡೆ ಕೊಡುತ್ತೀರಿ. ಆ ಹೆಣ್ಣಿಗೆ ಅದೂ ಇಲ್ಲ," ಎಂದಳು.

ಸಿದ್ರಾಮ ಎತ್ತಿನ ಕಡೆ ನೋಡಿದ. ಮರದ ಕಡೆ ನೋಡಿದ.

ಮರುದಿನ ಬೆಳಗ್ಗೆ ಅವನು ಪಕ್ಕದ ಮನೆಯಿಂದ ಏಣಿ ಕೇಳಿ ತಂದ. ಪಕ್ಕದ ಮನೆಯವನು ಗುಡಿಸಲುಗಳಿಗೆ ಸೂರು ಹೊದಿಸುವವನು. ಊರಿನಲ್ಲಿ ಅಷ್ಟು ಎತ್ತರದ ಏಣಿ ಇದ್ದದ್ದು ಅವನ ಬಳಿ ಮಾತ್ರ. ಸಿದ್ರಾಮ ಏಣಿಯನ್ನು ಬೇವಿನ ಮರಕ್ಕೆ ಒರಗಿಸಿ, ಉಳಿ ಮತ್ತು ಸುತ್ತಿಗೆ ಹಿಡಿದು ಹತ್ತಿದ. ಊರೇ ಕೆಳಗೆ ನೆರೆದಿತ್ತು. ಹೊನ್ನವ್ವ ಏಣಿಯ ಬುಡ ಹಿಡಿದುಕೊಂಡಿದ್ದಳು.

ಗೋಡೆ ಸುಟ್ಟ ಇಟ್ಟಿಗೆಯಂತೆ ಗಟ್ಟಿಯಾಗಿತ್ತು. ಸಿದ್ರಾಮ ಬೆವರು ಒರೆಸಿಕೊಳ್ಳುತ್ತ ಬಡಿದ. ಕೊನೆಗೆ ಅರ್ಧ ಗೋಡೆ ಕಳಚಿ ಬಿತ್ತು. ಅವನು ಒಳಗೆ ಇಣುಕಿದ. ಕೂಡಲೇ "ಅಯ್ಯೋ!" ಎಂದು ಕೂಗಿ, ಏಣಿಯ ಮೆಟ್ಟಿಲುಗಳನ್ನು ಮರೆತು ಜಾರಿಕೊಂಡೇ ಕೆಳಗೆ ಬಂದ. ಅವನ ಮೂಗಿನ ಮೇಲೆ ರಕ್ತ ಜಿನುಗುತ್ತಿತ್ತು.

"ಒಳಗೆ ಏನಿದೆ?" ಎಂದು ಹೊನ್ನವ್ವ ಕೇಳಿದಳು.

"ಹೆಣ್ಣಿದೆ. ಅದರ ಹೊಟ್ಟೆಯ ಕೆಳಗೆ ಎರಡು ಮರಿಗಳಿವೆ, ಮೈಮೇಲೆ ಒಂದು ತುಪ್ಪಳವೂ ಇಲ್ಲ. ಹೆಣ್ಣಿಗೂ ಬಾಲವಿಲ್ಲ, ರೆಕ್ಕೆಯ ದೊಡ್ಡ ಗರಿಗಳಿಲ್ಲ. ಗರಿಯೆಲ್ಲ ಉದುರಿ ಅದರ ಕಾಲ ಬಳಿ ಬಿದ್ದಿದೆ."

"ಅವನೇ ಕಿತ್ತಿರಬೇಕು!" ಎಂದಳು ಹೊನ್ನವ್ವ.

ಹೆಣ್ಣುಹಕ್ಕಿ ಹೊರಗೆ ಬರುತ್ತದೆ ಎಂದು ಎಲ್ಲರೂ ಕಾದರು. ಅದು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಒಡೆದ ಜಾಗದಲ್ಲಿ ಕೊಕ್ಕು ಕಾಣಿಸಿತು. ಪೊಟರೆಯ ಅಂಚಿನಲ್ಲಿ ಬಿದ್ದಿದ್ದ ಗೋಡೆಯ ಚೂರೊಂದನ್ನು ಅದು ಕಚ್ಚಿ ಒಳಗೆ ಎಳೆದುಕೊಂಡಿತು. ಒಳಗೆ ಏನೋ ಕಲಸಿತು. ಆಮೇಲೆ ಅದನ್ನು ಒಡೆದ ಅಂಚಿಗೆ ಮೆತ್ತಿ, ಕೊಕ್ಕಿನ ಪಕ್ಕದಿಂದ ಮೆಲ್ಲಗೆ ತಟ್ಟಿ ತಟ್ಟಿ ಸಮ ಮಾಡಿತು. ಗಾರೆ ಕೆಲಸದವನು ಕರಣೆಯಿಂದ ತಟ್ಟುವಂತೆಯೇ ತಟ್ಟಿತು. ಆಮೇಲೆ ಇನ್ನೊಂದು ಚೂರನ್ನು ಎಳೆದುಕೊಂಡಿತು.

"ಗೋಡೆ ಕಟ್ಟಿಕೊಂಡದ್ದು ಅವಳೇ!" ಎಂದು ಗಂಡಸರ ಗುಂಪಿನಿಂದ ಯಾರೋ ಕೂಗಿದರು. ಗಂಡಸರು ಶಿಳ್ಳೆ ಹಾಕಿದರು. ಹೆಂಗಸರು ಒಬ್ಬೊಬ್ಬರಾಗಿ ಕೊಡ ಎತ್ತಿಕೊಂಡು ಹೊರಟರು. ಹೊನ್ನವ್ವನ ಮುಖ ಸಣ್ಣದಾಯಿತು.

ಅವಳು ಮನೆಗೆ ಬಂದು ಮಗಳ ತಟ್ಟೆಯನ್ನು ಬಾಗಿಲ ಸಂದಿಯಿಂದ ಒಳಕ್ಕೆ ಚಾಚಿದಳು.

"ಅದೇನು ಅವ್ವಾ ಅಷ್ಟು ಗದ್ದಲ?" ಎಂದು ಪಾರವ್ವ ಕೇಳಿದಳು.

ಹೊನ್ನವ್ವ ನಡೆದದ್ದನ್ನೆಲ್ಲ ಹೇಳಿದಳು. ಪಾರವ್ವ ಮಗು ಎಚ್ಚರಗೊಳ್ಳುವಷ್ಟು ಜೋರಾಗಿ ನಕ್ಕಳು.

"ಅವ್ವಾ, ಅವಳು ಬಾಣಂತಿ. ಅದು ಅವಳ ಬಾಣಂತಿ ಕೋಣೆ. ನಾನೂ ಕತ್ತಲಲ್ಲಿ ಕುಳಿತಿದ್ದೇನೆ. ನೀನೂ ಸಂದಿಯಿಂದಲೇ ಊಟ ಕೊಡುತ್ತೀಯೆ. ಯಾರಾದರೂ ಉಳಿ ಸುತ್ತಿಗೆ ತಂದು ಈ ಗೋಡೆ ಒಡೆಯಲು ಬಂದಿದ್ದರೆ ನೀನು ಏನು ಮಾಡುತ್ತಿದ್ದೆ?"

"ಒನಕೆ ತೆಗೆದುಕೊಳ್ಳುತ್ತಿದ್ದೆ."

"ಅವಳ ಬಳಿ ಒನಕೆ ಇಲ್ಲ. ಕೊಕ್ಕಿತ್ತು. ಅಪ್ಪನ ಮೂಗು ಹೇಗಿದೆ?"

ಹೊನ್ನವ್ವನಿಗೂ ನಗು ತಡೆಯಲಾಗಲಿಲ್ಲ. ಬಾಗಿಲ ಈಚೆ ತಾಯಿ, ಆಚೆ ಮಗಳು, ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು. ನಗು ಮುಗಿದ ಮೇಲೆ ಹೊನ್ನವ್ವ ಹಿತ್ತಿಲಿಗೆ ಹೋಗಿ ನೋಡಿದಳು. ಗಂಡುಹಕ್ಕಿ ಬಂದಿರಲಿಲ್ಲ. ಸಂಜೆಯವರೆಗೂ ಬರಲಿಲ್ಲ. ಮರುದಿನ ಬೆಳಗ್ಗೆಯೂ ಬರಲಿಲ್ಲ. ಮರದೊಳಗಿನಿಂದ ಮರಿಗಳ ಕೂಗು ಕೇಳುತ್ತಿತ್ತು.

ಆಗ ಅವಳಿಗೆ ತಾನು ಮಾಡಿದ್ದು ಏನೆಂದು ಪೂರ್ತಿ ತಿಳಿಯಿತು. ಒಳಗಿರುವವಳು ಹಾರಲಾರಳು. ಹೊರಗಿನಿಂದ ತರುವವನು ಹೆದರಿ ಓಡಿಹೋಗಿದ್ದಾನೆ. ಗೋಡೆ ಇನ್ನೂ ಅರ್ಧ ಬಾಯಿ ತೆರೆದಿದೆ. ಹಾವು ಬಂದರೂ ಬಂತು, ಬೆಕ್ಕು ಬಂದರೂ ಬಂತು.

"ನಾನು ಕೆಡಿಸಿದ್ದನ್ನು ನಾನೇ ಸರಿಮಾಡುತ್ತೇನೆ," ಎಂದು ಅವಳು ಗಂಡನಿಗೆ ಹೇಳಿದಳು.

"ನೀನು ಸರಿಮಾಡುತ್ತೀಯೆ. ಏಣಿ ಹತ್ತುವವನು ಯಾರು?" ಎಂದ ಸಿದ್ರಾಮ. ಹಾಗೆ ಹೇಳುತ್ತಲೇ ಮೂಗಿಗೆ ಬಟ್ಟೆ ಕಟ್ಟಿಕೊಂಡ.

ಹೊನ್ನವ್ವ ಕೆರೆಯ ಮಣ್ಣನ್ನು ತಂದು ಬೆಣ್ಣೆಯಂತೆ ನಾದಿ ಉಂಡೆ ಮಾಡಿದಳು. ಸಿದ್ರಾಮ ಅದನ್ನು ಪೊಟರೆಯ ಅಂಚಿನಲ್ಲಿಟ್ಟು ಕೈ ಹಿಂದಕ್ಕೆ ಎಳೆದುಕೊಂಡ. ಹಕ್ಕಿ ಅದನ್ನು ಸ್ವಲ್ಪ ಹೊತ್ತು ನೋಡಿತು. ಆಮೇಲೆ ತೆಗೆದುಕೊಂಡು ಗೋಡೆಗೆ ಮೆತ್ತಿತು. ಸಂಜೆಯ ಹೊತ್ತಿಗೆ ಗೋಡೆ ಮುಗಿದಿತ್ತು. ಮತ್ತೆ ಬೆರಳಷ್ಟೇ ಸೀಳು ಉಳಿದಿತ್ತು.

ಊಟ ಮಾಡಿಸುವುದು ಅಷ್ಟು ಸುಲಭವಾಗಲಿಲ್ಲ. ಹೊನ್ನವ್ವ ಮೊದಲು ತುಪ್ಪ ಹಾಕಿದ ಅನ್ನ ಕಳಿಸಿದಳು. ಹಕ್ಕಿ ಅದನ್ನು ಹೊರಗೆ ಎಸೆಯಿತು. ಜೋಳದ ರೊಟ್ಟಿ ಕಳಿಸಿದಳು. ಅದನ್ನೂ ಎಸೆಯಿತು. ಬಾಣಂತಿಗೆಂದು ಮಾಡಿದ ಅಂಟಿನುಂಡೆ ಕಳಿಸಿದಳು. ಅದು ನೇರವಾಗಿ ಸಿದ್ರಾಮನ ತಲೆಯ ಮೇಲೆ ಬಿತ್ತು.

"ಒಣಕೊಬ್ಬರಿ ಕಡಿಮೆಯಾಯಿತೇನೋ," ಎಂದ ಸಿದ್ರಾಮ ಮೇಲಿನಿಂದ.

ಪಾರವ್ವ ಕೋಣೆಯಿಂದಲೇ ಕೂಗಿ ಹೇಳಿದಳು: "ಅವ್ವಾ, ನಿನಗೆ ತಿಳಿದದ್ದನ್ನು ಕೊಡಬೇಡ. ಅವಳ ಗಂಡ ಏನು ತರುತ್ತಿದ್ದ, ಅದನ್ನು ಕೊಡು!"

ಹೊನ್ನವ್ವ ಊರ ಹೊರಗಿನ ಆಲದ ಮರಕ್ಕೆ ಹೋಗಿ ಮಡಿಲು ತುಂಬ ಹಣ್ಣು ತಂದಳು. ಸಿದ್ರಾಮ ಒಂದು ಹಣ್ಣನ್ನು ಕಡ್ಡಿಯ ತುದಿಗೆ ಸಿಕ್ಕಿಸಿ ಸೀಳಿಗೆ ಹಿಡಿದ. ಕೊಕ್ಕಿನ ತುದಿ ಬಂತು. ನಿಂತಿತು. ಹಣ್ಣನ್ನು ತೆಗೆದುಕೊಂಡಿತು.

"ತಿಂದಳು!" ಎಂದು ಸಿದ್ರಾಮ ಕೂಗಿದ. ಆ ಕೂಗಿಗೆ ಬಾವಿಕಟ್ಟೆಯಿಂದ ಹೆಂಗಸರು ಓಡಿ ಬಂದರು.

ಅಲ್ಲಿಂದ ಊರಿನ ಜಗಳ ಮುಗಿಯಿತು. ಗಂಡಸರು, ಹೆಂಗಸರು ಸರದಿಯ ಮೇಲೆ ಹಣ್ಣು ತಂದರು. ಕೆಲವರು ಮಿಡತೆ ಹಿಡಿದು ತಂದರು. ಮರದ ಕೆಳಗೆ ಹಬ್ಬದಂತೆ ಜನ. "ಸಿದ್ರಾಮನಿಗೆ ಒಂದೇ ವರ್ಷದಲ್ಲಿ ಎರಡು ಬಾಣಂತನ," ಎಂದು ಗೆಳೆಯರು ನಗುತ್ತಿದ್ದರು. ಸಿದ್ರಾಮನೂ ನಗುತ್ತಿದ್ದ. ಗಾಣ ಅರ್ಧ ದಿನ ನಿಲ್ಲುತ್ತಿತ್ತು. ಎತ್ತು ನೆರಳಿನಲ್ಲಿ ಮಲಗಿ ಮೆಲುಕು ಹಾಕುತ್ತಿತ್ತು.

ಒಂದು ದಿನ ಹೊನ್ನವ್ವ ಅತ್ತಿಹಣ್ಣಿನ ಒಂದು ಗೊಂಚಲನ್ನೇ ಮುರಿದು ತಂದಳು. ಗೊಂಚಲಿಗೆ ಒಂದು ಒಣ ಎಲೆ ಅಂಟಿಕೊಂಡಿತ್ತು. ಸಿದ್ರಾಮ ಅದನ್ನು ಹಾಗೆಯೇ ಸೀಳಿಗೆ ಹಿಡಿದ. ಹಕ್ಕಿಯ ಕೊಕ್ಕು ಹಣ್ಣಿಗೆ ತಾಗಿತು, ಒಣ ಎಲೆ ಎರಡು ಹೋಳಾಗಿ ತೆರೆದುಕೊಂಡಿತು. ಒಳಗೆ ಕೆಂಡದ ಬಣ್ಣದ ಎರಡು ರೆಕ್ಕೆಗಳು, ಅವುಗಳ ಮೇಲೆ ಕಪ್ಪು ಮಚ್ಚೆ. ಅದು ಎಲೆಯಲ್ಲ, ಪತಂಗ. ಹಣ್ಣಿನ ರಸ ಹೀರಿ ಅಲ್ಲೇ ಮಲಗಿತ್ತು. ಹಕ್ಕಿ ಬೆದರಿ ಕೊಕ್ಕನ್ನು ಒಳಗೆ ಎಳೆದುಕೊಂಡಿತು. ಸಿದ್ರಾಮ ಬೆದರಿ ಗೊಂಚಲನ್ನೇ ಕೈಬಿಟ್ಟ. ಪತಂಗ ನಾಲ್ಕು ಸುತ್ತು ಹಾರಿ, ಬೇವಿನ ಕೊಂಬೆಯ ಮೇಲೆ ಕುಳಿತು ರೆಕ್ಕೆ ಮಡಿಚಿ ಮತ್ತೆ ಒಣ ಎಲೆಯಾಯಿತು. ಎಲ್ಲರೂ ಕುತ್ತಿಗೆ ಎತ್ತಿ ಹುಡುಕಿದರು. ಅದು ಯಾರಿಗೂ ಸಿಗಲಿಲ್ಲ.

ಆದರೆ ಒಳಗಿದ್ದದ್ದು ಮೂರು ಬಾಯಿ. ಮರಿಗಳು ಬೆಳೆಯುತ್ತಿದ್ದವು. ಜನ ಎಷ್ಟು ತಂದರೂ ಸಾಲುತ್ತಿರಲಿಲ್ಲ. ಗಂಡುಹಕ್ಕಿ ಹಣ್ಣಷ್ಟೇ ತರುತ್ತಿರಲಿಲ್ಲ, ಹಲ್ಲಿ, ಹುಳು, ಇನ್ನೂ ಏನೇನೋ ತರುತ್ತಿತ್ತು. ಮನುಷ್ಯರ ಕೈಗೆ ಅದೆಲ್ಲ ಸಿಗುವುದಿಲ್ಲ. ಒಂದು ಬೆಳಗ್ಗೆ ಹೊನ್ನವ್ವ ಮರಕ್ಕೆ ಕಿವಿಯಿಟ್ಟು ಕೇಳಿದಳು. ಮರಿಗಳ ಕೂಗು ಸಣ್ಣಗಾಗಿತ್ತು. ಅವಳು ಅಡುಗೆಮನೆಗೆ ಹೋಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಅದೇ ಹೊತ್ತಿಗೆ ಪಕ್ಕದ ಮನೆಯವನು ಏಣಿ ಕೇಳಲು ಬಂದ.

"ಇನ್ನು ಸ್ವಲ್ಪ ದಿನ ಇರಲಿ, ನಿನ್ನ ಕಾಲು ಹಿಡಿಯುತ್ತೇನೆ," ಎಂದ ಸಿದ್ರಾಮ.

"ಮಳೆ ಬರುವುದಕ್ಕೆ ಮುಂಚೆ ಸೂರು ಹೊದಿಸಬೇಕು ಮಾರಾಯ. ನಿನ್ನ ಹಕ್ಕಿಗೆ ಗೋಡೆಯಾದರೂ ಇದೆ. ಆ ಗುಡಿಸಲುಗಳ ಜನರಿಗೆ ತಲೆಯ ಮೇಲೆ ಹುಲ್ಲೂ ಇಲ್ಲ."

ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಏಣಿಯನ್ನು ಹೊತ್ತುಕೊಂಡು ಹೋದ. ಏಣಿ ಇಲ್ಲವೆಂದ ಮೇಲೆ ಮರದ ಕೆಳಗೆ ಯಾರಿಗೂ ಕೆಲಸವಿರಲಿಲ್ಲ. ಜನ ತಂತಮ್ಮ ಮನೆಗೆ ಹೋದರು. ಸಿದ್ರಾಮ ಬೇರೆ ಏಣಿ ಕಟ್ಟಲು ಬಿದಿರು ಹುಡುಕಿಕೊಂಡು ಹೊರಟ. ಹೊನ್ನವ್ವ ಒಲೆಯ ಮುಂದೆ ಸುಮ್ಮನೆ ಕುಳಿತಳು. ಬಹಳ ದಿನಗಳ ಮೇಲೆ ಹಿತ್ತಿಲಿನಲ್ಲಿ ಸದ್ದಿಲ್ಲವಾಯಿತು.

"ಅವ್ವಾ! ಅವ್ವಾ, ಬಂದ!"

ಕೂಗಿದವಳು ಪಾರವ್ವ. ಕಿಟಕಿಗೆ ಕಟ್ಟಿದ ಕಂಬಳಿಯ ಒಂದು ಮೂಲೆಯನ್ನು ಅವಳು ಸರಿಸಿದ್ದಳು. ಹೊನ್ನವ್ವ ಓಡಿ ಹೋಗಿ ಹಿತ್ತಿಲ ಬಾಗಿಲಿನ ಮರೆಯಿಂದ ನೋಡಿದಳು. ಗಂಡುಹಕ್ಕಿ ಬೇವಿನ ಮರಕ್ಕೆ ಕುಳಿತಿತ್ತು. ಗಂಟಲು ಊದಿಕೊಂಡಿತ್ತು. ಒಂದು ಹಣ್ಣು, ಇನ್ನೊಂದು ಹಣ್ಣು, ಮತ್ತೂ ಒಂದು ಹಣ್ಣು. ಕೊಡುತ್ತಲೇ ಇತ್ತು. ಖಾಲಿಯಾದ ಮೇಲೆ ಹಾರಿಹೋಗಿ ಸ್ವಲ್ಪ ಹೊತ್ತಿನಲ್ಲೇ ಒಂದು ಹಲ್ಲಿಯನ್ನು ಕಚ್ಚಿಕೊಂಡು ಬಂತು.

ಸಿದ್ರಾಮ ಬಿದಿರು ಹೊತ್ತು ಬಂದ. ಅವನ ಮುಖದಲ್ಲಿ ಏನೋ ಒಂದು ಬಗೆಯ ನಗು ಇತ್ತು.

"ಹೊಲದ ಬದುವಿನ ಜಾಲಿಮರದ ಕೆಳಗೆ ಹೋಗಿ ನೋಡು. ಉದುರಿದ ಆಲದ ಹಣ್ಣು ರಾಶಿ ಬಿದ್ದಿದೆ. ಈ ಪುಣ್ಯಾತ್ಮ ಎಲ್ಲಿಗೂ ಓಡಿಹೋಗಿರಲಿಲ್ಲ. ದಿನವೂ ಹಣ್ಣು ತಂದು, ಅಲ್ಲಿ ಕುಳಿತು, ನಾವು ಯಾವಾಗ ಹೋಗುತ್ತೇವೆ ಎಂದು ಕಾಯುತ್ತಿದ್ದ."

ಹೊನ್ನವ್ವ ಹಣೆಗೆ ಕೈ ಹಚ್ಚಿಕೊಂಡಳು. "ನಾವು ಅವಳಿಗೆ ಉಣ್ಣಿಸುತ್ತಿದ್ದೇವೆ ಎಂದುಕೊಂಡೆವು. ಅವಳಿಗೆ ಉಣ್ಣಿಸುವವನನ್ನೇ ಹೊರಗೆ ನಿಲ್ಲಿಸಿದ್ದೆವು," ಎಂದಳು. ಅಳುವಂತೆ ಆರಂಭಿಸಿದ ಮಾತು ನಗುವಿನಲ್ಲಿ ಮುಗಿಯಿತು. ಸಿದ್ರಾಮ ಬಿದಿರನ್ನು ಸೌದೆಯ ರಾಶಿಗೆ ಎಸೆದ.

ಅಂದಿನಿಂದ ಹೊನ್ನವ್ವ ಬಟ್ಟೆ ಒಣಹಾಕುವ ಹಗ್ಗವನ್ನು ಮನೆಯ ಮುಂದಕ್ಕೆ ಬದಲಿಸಿದಳು. ಹಿತ್ತಿಲಿಗೆ ಯಾರನ್ನೂ ಬಿಡಲಿಲ್ಲ. ಯಾರಾದರೂ ಹಣ್ಣು ತಂದರೆ ಅದನ್ನು ಜಾಲಿಮರದ ಕೆಳಗೆ ಇಟ್ಟು ಹೋಗಲು ಹೇಳುತ್ತಿದ್ದಳು. ಮರಿಗಳ ಕೂಗು ಮತ್ತೆ ಜೋರಾಯಿತು. ಅಡುಗೆಮನೆಯಲ್ಲಿ ಕುಳಿತರೂ ಕೇಳುವಷ್ಟು ಜೋರಾಯಿತು. ಏನೂ ಮಾಡದೆ ಇರುವುದು ಹೊನ್ನವ್ವನಿಗೆ ಗೊತ್ತಿಲ್ಲದ ಕೆಲಸ. ಆ ಕೆಲಸವನ್ನು ಅವಳು ದಿನವೂ ಸ್ವಲ್ಪ ಸ್ವಲ್ಪವಾಗಿ ಕಲಿತಳು.

ಹೀಗೆ ಕೆಲವು ವಾರಗಳು ಕಳೆದವು. ಒಂದು ಬೆಳಗ್ಗೆ ಬೇವಿನ ಮರದಿಂದ ಟಕ್ ಟಕ್ ಎಂದು ಸದ್ದು ಕೇಳಿಸಿತು. ಹೊನ್ನವ್ವ ಹೊರಗೆ ಓಡಿ ಬಂದಳು. ಮರದ ಹತ್ತಿರ ಹೋಗದೆ ದೂರದಲ್ಲೇ ನಿಂತಳು. ಸಿದ್ರಾಮ ಗಾಣ ನಿಲ್ಲಿಸಿ ಬಂದು ಅವಳ ಪಕ್ಕ ನಿಂತ. ನೆರೆಯವರೂ ಬೇಲಿಯ ಆಚೆ ಬಂದು ನಿಂತರು.

ಹೆಣ್ಣುಹಕ್ಕಿ ಒಳಗಿನಿಂದ ತನ್ನ ಗೋಡೆಯನ್ನು ತಾನೇ ಒಡೆಯುತ್ತಿತ್ತು. ಚೂರುಗಳು ಕೆಳಗೆ ಬಿದ್ದವು. ಮೊದಲು ಕೊಕ್ಕು ಬಂತು, ಆಮೇಲೆ ತಲೆ, ಆಮೇಲೆ ಇಡೀ ಹಕ್ಕಿ. ಅದರ ಮೈಮೇಲೆ ಹೊಸ ಗರಿ. ಉದ್ದನೆಯ ಹೊಸ ಬಾಲ. ಅದು ಕೊಂಬೆಯ ಮೇಲೆ ಕುಳಿತು ಒಂದು ರೆಕ್ಕೆ ಬಿಚ್ಚಿ ನೋಡಿತು, ಇನ್ನೊಂದು ರೆಕ್ಕೆ ಬಿಚ್ಚಿ ನೋಡಿತು. ಆಮೇಲೆ ಹಾರಿತು. ಜಾಲಿಮರದವರೆಗೆ ಹಾರಿ ಗಂಡನ ಪಕ್ಕದಲ್ಲಿ ಕುಳಿತಿತು. ಬೇಲಿಯ ಆಚೆಯಿಂದ ಹೆಂಗಸರು ಚಪ್ಪಾಳೆ ತಟ್ಟಿದರು.

ಆಗ ಪೊಟರೆಯ ಬಾಯಲ್ಲಿ ಎರಡು ಪುಟ್ಟ ತಲೆಗಳು ಕಾಣಿಸಿದವು. ಮರಿಗಳಿಗೆ ಇನ್ನೂ ಹಾರಲು ಬರುವುದಿಲ್ಲ. ಗೋಡೆ ಇಲ್ಲ. ತಾಯಿಯೂ ಒಳಗಿಲ್ಲ.

"ಅಯ್ಯೋ, ಮಕ್ಕಳು ಬೀಳುತ್ತವೆ!" ಎಂದು ಹೊನ್ನವ್ವ ಮುಂದಕ್ಕೆ ಹೆಜ್ಜೆ ಇಟ್ಟಳು. ಸಿದ್ರಾಮ ಅವಳ ಸೆರಗು ಹಿಡಿದ. ಅವಳು ನಿಂತಳು.

ಒಂದು ಮರಿ ಅಂಚಿನಲ್ಲಿ ಉಳಿದಿದ್ದ ಚೂರೊಂದನ್ನು ಕಚ್ಚಿ ಒಳಗೆ ಎಳೆದುಕೊಂಡಿತು. ಇನ್ನೊಂದು ಮರಿಯೂ ಒಂದು ಚೂರನ್ನು ಎಳೆದುಕೊಂಡಿತು. ಆಮೇಲೆ ಆ ಎರಡು ಪುಟ್ಟ ಕೊಕ್ಕುಗಳು ಅದನ್ನು ಹಸಿಯಾಗಿ ಕಲಸಿ ಒಡೆದ ಅಂಚಿಗೆ ಮೆತ್ತತೊಡಗಿದವು. ಪಕ್ಕದಿಂದ ತಟ್ಟಿ ತಟ್ಟಿ ಸಮ ಮಾಡಿದವು. ಅವಕ್ಕೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಾಯಿ ಜಾಲಿಮರದಲ್ಲಿ ಕುಳಿತು ಗರಿ ತಿದ್ದಿಕೊಳ್ಳುತ್ತಿತ್ತು. ಮರಿಗಳು ತಮ್ಮ ಮನೆಯ ಬಾಗಿಲನ್ನು ತಾವೇ ಮುಚ್ಚಿಕೊಳ್ಳುತ್ತಿದ್ದವು.

ಸಿದ್ರಾಮನಿಗೆ ನಗು ಬಂತು. ಹೊನ್ನವ್ವನಿಗೂ ಬಂತು. ಬೇಲಿಯ ಆಚೆ ನಿಂತವರೂ ನಕ್ಕರು. ಯಾಕೆ ನಗುತ್ತಿದ್ದೇವೆ ಎಂದು ಕೇಳಿದ್ದರೆ ಯಾರಿಗೂ ಹೇಳಲಾಗುತ್ತಿರಲಿಲ್ಲ.

ಆ ನಗುವಿನ ನಡುವೆ ಹಿಂದೆ ಬಾಗಿಲು ಕಿರುಗುಟ್ಟಿತು. ಪಾರವ್ವ ಮಗುವನ್ನು ಎತ್ತಿಕೊಂಡು ಹೊಸ್ತಿಲಲ್ಲಿ ನಿಂತಿದ್ದಳು. ತಲೆಗೆ ಸುತ್ತಿದ ಬಟ್ಟೆ ಇರಲಿಲ್ಲ. ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡಿದ್ದಳು. ಬಾಣಂತನದ ದಿನಗಳು ಇನ್ನೂ ಮುಗಿದಿರಲಿಲ್ಲ.

"ಗಾಳಿ..." ಎಂದು ಹೊನ್ನವ್ವ ಬಾಯಿ ತೆರೆದಳು.

ಮಗಳು ತಾಯಿಯ ಮುಖವನ್ನೇ ನೋಡಿದಳು. ಹೊನ್ನವ್ವ ಮಾತನ್ನು ನುಂಗಿಕೊಂಡಳು. ಆಮೇಲೆ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

"ಇಲ್ಲಿ ಬಂದು ನಿಲ್ಲು," ಎಂದಳು. "ಇಲ್ಲಿಂದ ಚೆನ್ನಾಗಿ ಕಾಣುತ್ತದೆ."

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳ ಕೈಯಲ್ಲಿದ್ದ ಹುಣಸೆಹಣ್ಣನ್ನು ಕೆಳಗಿಟ್ಟ. ಆಮೇಲೆ ಮೆಲ್ಲಗೆ ಕೇಳಿದ:

"ಗುರುಗಳೇ, ಆ ಹಕ್ಕಿ ಹೊನ್ನವ್ವನನ್ನು ಕ್ಷಮಿಸಿತೇ?"

ಗುರುಗಳು ಹೇಳಿದರು: "ಆ ಊರಿನ ಸುತ್ತ ಪೊಟರೆಯಿರುವ ಮರಗಳಿಗೆ ಬರವಿರಲಿಲ್ಲ. ಆದರೂ ಮರುವರ್ಷ ಆ ಹಕ್ಕಿ ಗೋಡೆ ಕಟ್ಟಿಕೊಂಡದ್ದು ಅದೇ ಬೇವಿನ ಮರದಲ್ಲಿ."